ದನಿ ಯಾರದು, ನಟನೆ ಯಾರದು?
(ಶೋಭನಾ ಅವರ ಕಲಾಜೀವನವನ್ನು ಕುರಿತು)

ಬಾನುಲಿಯಲ್ಲಿ ನಾಟಕ ಕೇಳುವಾಗ ನಮಗೆ ಪಾತ್ರಧಾರಿಗಳ ಮುಖ ಕಾಣುವುದಿಲ್ಲ. ಕೇವಲ ದನಿಯ ಆಧಾರದಿಂದ ರಾಜನನ್ನೂ ಭಿಕ್ಷುಕನನ್ನೂ, ಅತ್ತೆಯನ್ನೂ ಸೊಸೆಯನ್ನೂ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುತ್ತೇವೆ. ಇದಕ್ಕೆ ನೇರ ವಿರುದ್ಧವಾದ ಇನ್ನೊಂದು ಬಗೆಯ ನಟನೆಯುಂಟು. ಅಲ್ಲಿ ಮುಖವಿದೆ, ಮೈಯಿದೆ, ಕಣ್ಣಿದೆ; ದನಿ ಮಾತ್ರ ಬೇರೆಯವರದು.

ಮಲಯಾಳ ಚಲಚ್ಚಿತ್ರದ ಹೆಸರಾಂತ ನಟಿ ಹಾಗೂ ಭರತನಾಟ್ಯ ಕಲಾವಿದೆ ಶೋಭನಾ ಅವರಿಗೆ ಅತ್ಯಂತ ಹೆಚ್ಚಿನ ಕೀರ್ತಿ ತಂದ ಪಾತ್ರ ಇಂಥದು. ೧೯೯೩ರ ಡಿಸೆಂಬರಿನಲ್ಲಿ ತೆರೆಕಂಡ ‘ಮಣಿಚಿತ್ರತ್ತಾಳ್’ ಚಿತ್ರದ ಗಂಗಾ ಎಂಬ ಆ ಪಾತ್ರಕ್ಕಾಗಿ ಅವರಿಗೆ ಶ್ರೇಷ್ಠ ನಟಿಯೆಂಬ ರಾಷ್ಟ್ರಪ್ರಶಸ್ತಿ ಲಭಿಸಿತು. ಆದರೆ ಆ ಚಿತ್ರದಲ್ಲಿ ಗಂಗಾ ಆಡುವ ಮಾತುಗಳು ಶೋಭನಾ ಅವರ ಕಂಠದಿಂದ ಹೊರಟವಲ್ಲ. ಒಬ್ಬರಲ್ಲ, ಇಬ್ಬರು ಮಹಿಳೆಯರು ಆ ಪಾತ್ರಕ್ಕೆ ಮಾತಿನ ದನಿ ಕೊಟ್ಟರು. ಹಾಡಿನ ದನಿ ಕೆ. ಎಸ್. ಚಿತ್ರಾ ಅವರದು. ಹಾಗಾದರೆ ಪ್ರಶಸ್ತಿ ಸಂದದ್ದು ಯಾವುದಕ್ಕೆ? ಮಾತಿಲ್ಲದ ಮೇಲೆ ನಟಿಯ ಪಾಲಿಗೆ ಉಳಿಯುವುದೇನು? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ಅವರ ಕಲಾಜೀವನದ ಒಳಗುಟ್ಟು ಸ್ವಲ್ಪಮಟ್ಟಿಗೆ ತಿಳಿಯುತ್ತದೆ.

ನಮ್ಮ ನಾಟ್ಯಶಾಸ್ತ್ರ ಅಭಿನಯವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದೆಯೆಂಬುದು ಬಹುಮಂದಿಗೆ ತಿಳಿದ ವಿಷಯವೇ. ಅಂಗಾಂಗಗಳ ಚಲನೆಯಿಂದಾದದ್ದು ಆಂಗಿಕ, ಮಾತು ಹಾಡುಗಳಿಂದಾದದ್ದು ವಾಚಿಕ, ವೇಷಭೂಷಣಗಳಿಂದಾದದ್ದು ಆಹಾರ್ಯ, ಅಂತರಂಗದ ಭಾವ ತಾನಾಗಿ ಹೊರಹೊಮ್ಮುವುದು ಸಾತ್ತ್ವಿಕ. ಬಾನುಲಿ ನಟರ ಕೈಯಲ್ಲಿರುವುದು ವಾಚಿಕವೊಂದೇ. ಶೋಭನಾ ಅವರ ಕೈಯಲ್ಲಿ ಅದೊಂದನ್ನು ಬಿಟ್ಟು ಉಳಿದುದೆಲ್ಲ ಇತ್ತು.

ಭರತನಾಟ್ಯದ ನರ್ತಕಿಗೆ ಪರರ ದನಿ ಹೊಸದೇನೂ ಅಲ್ಲ. ವೇದಿಕೆಯ ಒಂದು ಮಗ್ಗುಲಿನಲ್ಲಿ ನಟುವಾಂಗದವರು, ಹಾಡುವವರು, ಮೃದಂಗದವರು ಕುಳಿತಿರುತ್ತಾರೆ. ಹಾಡುವುದು ಅವರ ಕೆಲಸ. ಆ ಹಾಡು ತನ್ನ ಎದೆಯಿಂದಲೇ ಬಂತೆನ್ನುವಂತೆ ತೋರಿಸುವುದು ನರ್ತಕಿಯ ಕೆಲಸ. ಹಿಂದೆ ಹೀಗಿರಲಿಲ್ಲ. ತಂಜಾವೂರು ಪರಂಪರೆಯ ಬಾಲಸರಸ್ವತಿ, ನಮ್ಮ ಮೈಸೂರಿನ ವೆಂಕಟಲಕ್ಷಮ್ಮ ಮೊದಲಾದವರು ತಾವೇ ಹಾಡುತ್ತ ಅಭಿನಯಿಸಬಲ್ಲವರಾಗಿದ್ದರು. ಆಮೇಲಿನ ತಲೆಮಾರುಗಳಲ್ಲಿ ಆ ಶಕ್ತಿ ವಿರಳವಾಗಿ, ಕಂಠ ಒಬ್ಬರಿಗೆ ಮೈ ಒಬ್ಬರಿಗೆ ಎಂದು ಹಂಚಿಹೋಯಿತು. ಇದು ನಷ್ಟವೇ ಹೌದು. ಆದರೆ ಆ ನಷ್ಟದಿಂದಲೇ ಹೊಸದೊಂದು ಶಿಸ್ತು ಕೂಡ ಹುಟ್ಟಿತೆನ್ನಬೇಕು.

ವರ್ಣವೊಂದನ್ನು ನೋಡಿದವರಿಗೆ ಇದು ಸ್ಪಷ್ಟವಾಗುತ್ತದೆ. ಗಾಯಕಿ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಾಳೆ. ಮಾತು ಬದಲಾಗುವುದಿಲ್ಲ. ನರ್ತಕಿ ಮಾತ್ರ ಒಮ್ಮೆ ಬೇಡುತ್ತಾಳೆ, ಒಮ್ಮೆ ಮುನಿಯುತ್ತಾಳೆ, ಒಮ್ಮೆ ಹಳೆಯ ದಿನವೊಂದನ್ನು ನೆನೆದು ನಗುತ್ತಾಳೆ. ಇದಕ್ಕೆ ಸಂಚಾರಿ ಎಂದು ಹೆಸರು. ಹತ್ತು ವರ್ಷ ಹೀಗೆ ಅಭ್ಯಾಸಮಾಡಿದ ಹೆಣ್ಣುಮಗಳಿಗೆ, ಇನ್ನೊಬ್ಬರ ದನಿಯನ್ನು ತನ್ನದಾಗಿ ಧರಿಸುವುದು ಬಟ್ಟೆ ತೊಟ್ಟಷ್ಟೇ ಸಹಜವಾಗಿಬಿಡುತ್ತದೆ.

ಶೋಭನಾ ಹುಟ್ಟಿದ್ದು ೧೯೭೦ರಲ್ಲಿ, ನೃತ್ಯವೂ ಚಲಚ್ಚಿತ್ರವೂ ಒಂದೇ ಸೂರಿನ ಕೆಳಗೆ ಬಾಳಿದ ಮನೆತನದಲ್ಲಿ. ತಿರುವಾಂಕೂರು ಸೋದರಿಯರೆಂದು ದಕ್ಷಿಣದೇಶದಲ್ಲೆಲ್ಲ ಮನೆಮಾತಾಗಿದ್ದ ಲಲಿತಾ, ಪದ್ಮಿನಿ, ರಾಗಿಣಿಯರು ಅವರ ಸೋದರತ್ತೆಯರು. ಉದಯಶಂಕರರು ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ ತಯಾರಿಸಿದ ‘ಕಲ್ಪನಾ’ (೧೯೪೮) ಚಿತ್ರದಲ್ಲಿ ಲಲಿತಾ ಪದ್ಮಿನಿಯರು ನರ್ತಿಸಿದ್ದರು. ಹತ್ತು ವರ್ಷದ ಮೇಲೆ, ಅದೇ ಜೆಮಿನಿಯ ‘ವಂಜಿಕೋಟ್ಟೈ ವಾಲಿಬನ್’ ಚಿತ್ರದಲ್ಲಿ ಪದ್ಮಿನಿಗೂ ವೈಜಯಂತಿಮಾಲಾಗೂ ನಡೆದ ನೃತ್ಯಸ್ಪರ್ಧೆಯನ್ನು ನೋಡದವರು ಆ ಕಾಲದಲ್ಲಿ ಕಡಮೆ. ಅಲ್ಲಿಯೂ ಹಾಡಿದವರು ಪಿ. ಲೀಲಾ ಮತ್ತು ಜಿಕ್ಕಿ. ಇನ್ನು ‘ತಿಲ್ಲಾನಾ ಮೋಹನಾಂಬಾಳ್’ (೧೯೬೮) ಚಿತ್ರವಂತೂ ನಾಗಸ್ವರಕ್ಕೂ ನಾಟ್ಯಕ್ಕೂ ಹೂಡಿದ ಪಂದ್ಯವೇ ಕಥೆಯಾದ ಚಿತ್ರ. ಅಲ್ಲಿ ಶಿವಾಜಿ ಗಣೇಶನ್ ಊದಿದಂತೆ ತೋರುವ ನಾಗಸ್ವರ ನಿಜವಾಗಿ ಸೇತುರಾಮನ್ ಪೊನ್ನುಸ್ವಾಮಿ ಸೋದರರದು. ಆದರೆ ಪದ್ಮಿನಿಯ ಹೆಜ್ಜೆಯನ್ನು ಅವರ ಬದಲಿಗೆ ಇನ್ನಾರೂ ಹಾಕುವಂತಿರಲಿಲ್ಲ! ಚಲಚ್ಚಿತ್ರದಲ್ಲಿ ಕಂಠವನ್ನು ಎರವಲು ಪಡೆಯಬಹುದು, ವಾದ್ಯವನ್ನು ಎರವಲು ಪಡೆಯಬಹುದು. ಅರಮಂಡಿಯನ್ನು ಎರವಲು ಪಡೆಯಲಾಗದು.

ಪದ್ಮಿನಿ ೧೯೬೧ರಲ್ಲಿ ವಿವಾಹವಾಗಿ, ಮುಂದೆ ಅಮೆರಿಕದಲ್ಲಿ ನೆಲಸಿ, ನ್ಯೂಜೆರ್ಸಿಯಲ್ಲಿ ನೃತ್ಯಶಾಲೆ ನಡೆಸಿದರು. ತಾರೆಯಾಗಿ ಮೆರೆದವರು ಕೊನೆಗೆ ಮಕ್ಕಳಿಗೆ ತಟ್ಟಡವು ಹೇಳಿಕೊಡುತ್ತ ಕುಳಿತುದು ಆ ಮನೆತನದಲ್ಲಿ ಅದೇ ಮೊದಲು. ಅದೇ ಕೊನೆಯಲ್ಲವೆಂಬುದು ಮುಂದೆ ತಿಳಿಯುತ್ತದೆ.

ಶೋಭನಾ ನೃತ್ಯ ಕಲಿತದ್ದು ಮದರಾಸಿನಲ್ಲಿ. ಮೊದಲು ಚಿತ್ರಾ ವಿಶ್ವೇಶ್ವರನ್ ಅವರಲ್ಲಿ, ಮುಂದೆ ಪದ್ಮಾ ಸುಬ್ರಹ್ಮಣ್ಯಂ ಅವರಲ್ಲಿಯೂ. ಈ ಇಬ್ಬರು ಗುರುಗಳೂ ವಳುವೂರು ರಾಮಯ್ಯಪಿಳ್ಳೆಯವರ ಶಿಷ್ಯರು. ಆ ಶೈಲಿಯಲ್ಲಿ ಬಳುಕಿಗೂ ಲಾಲಿತ್ಯಕ್ಕೂ ಪ್ರಾಶಸ್ತ್ಯ ಹೆಚ್ಚು. ಪದ್ಮಾ ಅವರಾದರೋ ದೇವಾಲಯಗಳ ಶಿಲ್ಪಗಳನ್ನೂ ನಾಟ್ಯಶಾಸ್ತ್ರದ ಕರಣಗಳನ್ನೂ ಜತೆಗಿಟ್ಟು ವ್ಯಾಸಂಗ ಮಾಡಿದ ವಿದುಷಿ. ಒಂದು ಕಡೆ ಲಾಲಿತ್ಯ, ಇನ್ನೊಂದು ಕಡೆ ಇಡೀ ಮೈಯನ್ನು ಬಳಸುವ ಧೈರ್ಯ. ಎರಡೂ ಶೋಭನಾ ಅವರ ನಟನೆಯಲ್ಲಿ ಕಾಣುತ್ತವೆ.

ಅವರು ನಾಯಿಕೆಯಾಗಿ ಬೆಳ್ಳಿತೆರೆಗೆ ಬಂದದ್ದು ೧೯೮೪ರಲ್ಲಿ, ಬಾಲಚಂದ್ರ ಮೇನೋನ್ ಅವರ ‘ಏಪ್ರಿಲ್ ೧೮’ ಚಿತ್ರದ ಮೂಲಕ. ಆಗ ಅವರಿಗಿನ್ನೂ ಹದಿನಾಲ್ಕರ ವಯಸ್ಸು. ಮುಂದಿನ ಹತ್ತು ವರ್ಷ ಬಿಡುವಿಲ್ಲದ ದುಡಿಮೆ. ಬಾಲು ಮಹೇಂದ್ರರ ‘ಯಾತ್ರಾ’, ಸತ್ಯನ್ ಅಂತಿಕ್ಕಾಡರ ‘ನಾಡೋಡಿಕ್ಕಾಟ್ಟು’, ಪದ್ಮರಾಜನ್‌ರ ‘ಇನ್ನಲೆ’, ತೆಲುಗಿನಲ್ಲಿ ಬಾಲಚಂದರ್ ಅವರ ‘ರುದ್ರವೀಣ’, ತಮಿಳಿನಲ್ಲಿ ಮಣಿರತ್ನಂರ ‘ದಳಪತಿ’ ಹೀಗೆ ಪಟ್ಟಿ ಬೆಳೆಯುತ್ತದೆ. ಎಲ್ಲವನ್ನೂ ಹೇಳುತ್ತ ಹೋಗುವುದು ಇಲ್ಲಿ ಅನಗತ್ಯ. ಇವುಗಳಲ್ಲಿ ಹಲವು ಕಡೆ ನಾಯಿಕೆಗೆ ಮಾಡಲು ಹೆಚ್ಚೇನೂ ಇರಲಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು. ನಾಯಕನ ಪಕ್ಕದಲ್ಲಿ ನಿಂತು ನಗುವುದಕ್ಕೆ ಸಂಚಾರಿಯ ಅಭ್ಯಾಸ ಬೇಕಾಗಿಲ್ಲ.

ಆ ಅಭ್ಯಾಸ ಪೂರ್ತಿಯಾಗಿ ಬೇಕಾದದ್ದು ‘ಮಣಿಚಿತ್ರತ್ತಾಳ್’ ಚಿತ್ರದಲ್ಲಿ. ಹೆಸರಿಗೆ ಕುಸುರಿಕೆಲಸದ ಬೀಗವೆಂದು ಅರ್ಥ. ಮಧು ಮುಟ್ಟಂ ಬರೆದ ಕಥೆ. ಫಾಸಿಲ್ ಅವರ ನಿರ್ದೇಶನ. ಹಿಂದೊಮ್ಮೆ ಮಾಡಂಬಳ್ಳಿ ಎಂಬ ಮನೆತನದ ಯಜಮಾನನು ತಂಜಾವೂರಿನಿಂದ ನಾಗವಲ್ಲಿಯೆಂಬ ನರ್ತಕಿಯನ್ನು ಕರೆತಂದು ಇರಿಸಿಕೊಂಡ. ಅವಳ ಮನಸ್ಸು ಎದುರು ಮನೆಯ ನರ್ತಕ ರಾಮನಾಥನಲ್ಲಿ ನಟ್ಟಿತ್ತು. ದುರ್ಗಾಷ್ಟಮಿಯ ದಿನ ಯಜಮಾನ ಅವಳನ್ನು ಕೊಂದ. ಅಂದಿನಿಂದ ಮನೆಯ ತೆಂಕಣ ಅಂಕಣಕ್ಕೆ ಬೀಗ. ಬಹುಕಾಲದ ಮೇಲೆ ಆ ಮನೆತನದ ನಕುಲನ್ ಎಂಬ ತರುಣ ಹೆಂಡತಿ ಗಂಗಾಳೊಡನೆ ಬಂದು ಅಲ್ಲಿ ವಾಸಮಾಡುತ್ತಾನೆ. ಬೀಗ ತೆರೆಯುತ್ತದೆ. ತಂದೆತಾಯಿಯರಿಂದ ದೂರವಾಗಿ, ಅಜ್ಜಿಯ ಕಥೆಗಳ ನಡುವೆ ಬೆಳೆದ ಗಂಗಾಳ ಮನಸ್ಸಿನೊಳಗೆ ನಾಗವಲ್ಲಿ ಸದ್ದಿಲ್ಲದೆ ಬಂದು ನೆಲಸುತ್ತಾಳೆ. ಇದು ದೆವ್ವವಲ್ಲ, ಮನೋರೋಗವೆಂದು ಗುರುತಿಸುವವನು ಮೋಹನ್‌ಲಾಲ್ ನಟಿಸಿದ ಸಣ್ಣಿ ಎಂಬ ವೈದ್ಯ.

ಚಿತ್ರದ ಒಂದು ದೃಶ್ಯವನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಗಂಗಾ ಒಡವೆ ಕೊಳ್ಳಲು ಹೊರಟು ನಿಂತಿದ್ದಾಳೆ. ವೈದ್ಯನ ಸೂಚನೆಯಂತೆ ಗಂಡ ಬೇಡವೆನ್ನುತ್ತಾನೆ. ಅವಳು ಮಲಯಾಳದಲ್ಲಿ, ಮನೆಯ ಹೆಂಡತಿಯ ಸಹಜ ಅಸಮಾಧಾನದಿಂದ, ಯಾಕೆ ಎಂದು ಕೇಳುತ್ತಾಳೆ. ಅವನು ಬಿಟ್ಟುಕೊಡುವುದಿಲ್ಲ. ಅವಳ ಕಣ್ಣು ನಿಧಾನವಾಗಿ ಹಿಗ್ಗುತ್ತದೆ, ಕತ್ತು ಸೆಟೆಯುತ್ತದೆ, ಉಸಿರು ಬದಲಾಗುತ್ತದೆ. ಮಾತು ಮಲಯಾಳದಿಂದ ತಮಿಳಿಗೆ ಹೊರಳುತ್ತದೆ. ಮರುಗಳಿಗೆಯಲ್ಲಿ ಪಕ್ಕದ ಮಂಚವನ್ನು ಒಂದೇ ಕೈಯಲ್ಲಿ ಎತ್ತಿಬಿಡುತ್ತಾಳೆ. ನೋಡುತ್ತಿದ್ದವರ ಮೈ ಜುಮ್ಮೆಂದದ್ದು ಮಂಚ ಎದ್ದುದಕ್ಕಲ್ಲ. ಅದಕ್ಕೆ ಮೊದಲಿನ ಆ ಕೆಲವು ಕ್ಷಣಗಳಿಗೆ. ಒಂದು ರಸದಿಂದ ಇನ್ನೊಂದು ರಸಕ್ಕೆ ಮುಖವನ್ನು ದಾಟಿಸುವ ಕೆಲಸ ಅದು. ವೇದಿಕೆಯ ಮೇಲೆ ಕೊನೆಯ ಸಾಲಿನವರಿಗೂ ಕಾಣಲೆಂದು ದೊಡ್ಡದಾಗಿ ಮಾಡುವುದನ್ನು, ಕ್ಯಾಮೆರಾ ಒಂದು ಮೊಳ ದೂರದಲ್ಲಿ ನಿಂತಿರುವಾಗ ಎಷ್ಟು ತಗ್ಗಿಸಬೇಕು, ಎಲ್ಲಿ ಮತ್ತೆ ಹಿಗ್ಗಿಸಬೇಕು ಎಂಬ ಲೆಕ್ಕಾಚಾರ ಅದರಲ್ಲಿದೆ.

ಈಗ ದನಿಯ ವಿಷಯ. ಆ ಕಾಲದ ದಕ್ಷಿಣದ ಚಿತ್ರಗಳಲ್ಲಿ ಚಿತ್ರೀಕರಣದ ಸ್ಥಳದಲ್ಲಿ ಹಿಡಿದ ಮಾತು ಬರಿಯ ಗುರುತಿಗೆ ಮಾತ್ರ. ಚಿತ್ರ ಮುಗಿದ ಮೇಲೆ ಧ್ವನಿಲೇಖನದ ಕೊಠಡಿಯಲ್ಲಿ ದೃಶ್ಯವನ್ನು ತುಂಡುತುಂಡಾಗಿ ತೆರೆಯ ಮೇಲೆ ತೋರಿಸುತ್ತಾರೆ. ತುಟಿ ಎಲ್ಲಿ ತೆರೆಯಿತು, ಎಲ್ಲಿ ಮುಚ್ಚಿತು ಎಂದು ನೋಡಿಕೊಳ್ಳುತ್ತ ಕತ್ತಲಲ್ಲಿ ನಿಂತವರು ಮಾತನ್ನು ಹೊಸದಾಗಿ ಆಡಬೇಕು. ಒಂದು ಅಕ್ಷರ ಮುಂದಾದರೂ ಹಿಂದಾದರೂ ಪಾತ್ರ ಸತ್ತಂತೆ. ಬಾನುಲಿ ನಾಟಕದಲ್ಲಿ ನಟನಿಗೆ ತನ್ನ ಓಟದಲ್ಲಿ ಮಾತಾಡುವ ಸ್ವಾತಂತ್ರ್ಯವುಂಟು. ಇಲ್ಲಿ ಅದೂ ಇಲ್ಲ. ಇನ್ನೊಬ್ಬರು ಅತ್ತಾಗ ಅಳಬೇಕು, ಇನ್ನೊಬ್ಬರು ಉಸಿರೆಳೆದಾಗ ಉಸಿರೆಳೆಯಬೇಕು. ಮಲಯಾಳದಲ್ಲಿ ಈ ಕೆಲಸವನ್ನು ಕಲೆಯ ಮಟ್ಟಕ್ಕೆ ಏರಿಸಿದವರಲ್ಲಿ ಭಾಗ್ಯಲಕ್ಷ್ಮಿಯವರ ಹೆಸರು ಮುಖ್ಯ. ಗಂಗಾಳ ಮಲಯಾಳದ ಮಾತೆಲ್ಲ ಅವರದು.

ನಾಗವಲ್ಲಿಯ ತಮಿಳೂ ಅವರದೇ ಎಂದು ಜನ ಇಪ್ಪತ್ತಕ್ಕೂ ಹೆಚ್ಚು ವರ್ಷ ನಂಬಿದ್ದರು. ೨೦೧೬ರಲ್ಲಿ ಫಾಸಿಲ್ ಅವರು ಸಂಗತಿಯನ್ನು ಬಿಚ್ಚಿ ಹೇಳಿದರು. ಆ ದನಿ ದುರ್ಗಾ ಎಂಬ ತಮಿಳು ಧ್ವನಿಕಲಾವಿದೆಯದು. ಅಂದರೆ, ಮೇಲೆ ಹೇಳಿದ ದೃಶ್ಯದಲ್ಲಿ ಒಂದೇ ಮುಖದ ಮೇಲೆ ಒಬ್ಬರ ದನಿ ಮುಗಿದು ಇನ್ನೊಬ್ಬರ ದನಿ ಆರಂಭವಾಗುತ್ತದೆ! ಎರಡು ದನಿಗಳ ನಡುವೆ ಬಿರುಕು ಕಾಣದಂತೆ ಸೇತುವೆ ಕಟ್ಟಿದ್ದು ಶೋಭನಾ ಅವರ ಮುಖ. ಹಾಗೆಯೇ, ಆ ಮುಖಕ್ಕೆ ಹಿಡಿಸುವ ಗರ್ಜನೆಯನ್ನು ಕತ್ತಲೆಯ ಕೊಠಡಿಯಲ್ಲಿ ನಿಂತು ಕೊಟ್ಟ ದುರ್ಗಾ ಅವರ ಹೆಸರು ಅಷ್ಟು ವರ್ಷ ಯಾರ ಬಾಯಲ್ಲೂ ಇರಲಿಲ್ಲವೆಂಬುದು ಖೇದದ ಸಂಗತಿ. ಮರೆಯಲ್ಲಿ ಕುಳಿತು ಮಾತಾಡುವವರ ಹೆಸರನ್ನು ನಾಟಕದ ಕೊನೆಯಲ್ಲಿ ಹೇಳುವ ಬಾನುಲಿಯ ಪದ್ಧತಿ ಚಲಚ್ಚಿತ್ರದವರಿಗೂ ಬಂದರೆ ಚೆನ್ನು. ಈ ಚಿತ್ರವನ್ನು ಮತ್ತೆ ನೋಡುವ ಅವಕಾಶ ಸಿಕ್ಕಿದವರು ಆ ದೃಶ್ಯವನ್ನು ಒಮ್ಮೆ ಕಣ್ಣು ಮುಚ್ಚಿ ಕೇಳಬೇಕು, ಇನ್ನೊಮ್ಮೆ ಸದ್ದು ಅಡಗಿಸಿ ನೋಡಬೇಕು. ಮೂವರ ಪಾಲು ಎಷ್ಟೆಷ್ಟೆಂದು ಆಗ ತಿಳಿಯುತ್ತದೆ.

ಸಂಗೀತಪ್ರಿಯರಾದ ಓದುಗರಿಗೆ ಒಂದು ಮಾತು. ಈ ಚಿತ್ರದ ಸಂಗೀತ ಎಂ. ಜಿ. ರಾಧಾಕೃಷ್ಣನ್ ಅವರದು. ಯೇಸುದಾಸರು ಹಾಡಿದ ಒಂದು ಗೀತಕ್ಕೆ ಅವರು ಆರಿಸಿಕೊಂಡದ್ದು ಆಹಿರಿ ರಾಗ. ಆಹಿರಿಯನ್ನು ಹಾಡಿದರೆ ಆ ದಿನ ಅನ್ನ ಸಿಕ್ಕದೆಂಬ ನಂಬಿಕೆ ವಿದ್ವಾಂಸರಲ್ಲಿ ಹಿಂದಿನಿಂದಲೂ ಉಂಟಷ್ಟೆ! ಚಿತ್ರ ಮಾತ್ರ ತಿಂಗಳುಗಟ್ಟಲೆ ಓಡಿ ಸಂಬಂಧಪಟ್ಟವರಿಗೆಲ್ಲ ಅನ್ನ ಕೊಟ್ಟಿತು.

ಕೊನೆಯಲ್ಲಿ ಬರುವ ನಾಗವಲ್ಲಿಯ ನೃತ್ಯಕ್ಕೆ ಕನ್ನಡಿಗರ ಸಂಬಂಧವೂ ಇದೆ. ಅಲ್ಲಿ ರಾಮನಾಥನಾಗಿ ಶೋಭನಾ ಅವರೊಡನೆ ಕುಣಿದವರು ನಮ್ಮ ಶ್ರೀಧರ್. ಪುಟ್ಟಣ್ಣ ಕಣಗಾಲರ ‘ಅಮೃತಘಳಿಗೆ’ಯ ನಾಯಕ, ಭರತನಾಟ್ಯ ಕಲಾವಿದ. ಈ ನೃತ್ಯದಲ್ಲಿ ಚಮತ್ಕಾರವೊಂದಿದೆ. ಗಂಗಾಳ ಕಣ್ಣಿಗೆ ಅದು ಅರಮನೆಯ ಸಭೆ, ಅವಳು ಸರ್ವಾಲಂಕಾರಭೂಷಿತೆ, ಎದುರಿಗೆ ಪ್ರಿಯಕರ. ಹೊರಗಿನಿಂದ ನೋಡುವವರ ಕಣ್ಣಿಗೆ ಕೆದರಿದ ಕೂದಲಿನ ಹುಚ್ಚಿಯೊಬ್ಬಳು ಒಬ್ಬಳೇ ಕುಣಿಯುತ್ತಿದ್ದಾಳೆ. ಕ್ಯಾಮೆರಾ ಇದನ್ನೊಮ್ಮೆ ಅದನ್ನೊಮ್ಮೆ ತೋರಿಸುತ್ತದೆ. ಒಂದು ಕಡೆ ಅಂಗಶುದ್ಧಿಯಿರಬೇಕು. ಇನ್ನೊಂದು ಕಡೆ ಅದೇ ಅಡವು ಕೆಟ್ಟಿರಬೇಕು, ಆದರೆ ಅಡವೆಂದು ಗುರುತು ಸಿಕ್ಕುವಷ್ಟು ಉಳಿದಿರಬೇಕು. ಸರಿಯಾಗಿ ಕುಣಿಯಬಲ್ಲವರು ಮಾತ್ರ ಹೀಗೆ ತಪ್ಪಿ ಕುಣಿಯಬಲ್ಲರು. ನಾಟ್ಯವನ್ನು ಚಿತ್ರೀಕರಣಕ್ಕೆಂದು ಹದಿನೈದು ದಿನದಲ್ಲಿ ಕಲಿತುಬಂದ ನಟಿಗೆ ಇದು ದುಸ್ಸಾಧ್ಯ.

ಈ ಕಥೆ ೨೦೦೪ರಲ್ಲಿ ‘ಆಪ್ತಮಿತ್ರ’ವಾಗಿ ಕನ್ನಡಕ್ಕೆ ಬಂದುದನ್ನು ಯಾರೂ ಮರೆತಿರಲಾರರು. ಪಿ. ವಾಸು ಅವರ ನಿರ್ದೇಶನ. ವೈದ್ಯನ ಪಾತ್ರದಲ್ಲಿ ವಿಷ್ಣುವರ್ಧನ್. ಗಂಗಾ ಆದವರು ಸೌಂದರ್ಯ. ಶ್ರೀಧರ್ ಅವರು ಇಲ್ಲಿಯೂ ನರ್ತಕನಾಗಿ ಬಂದರು. ಆ ವರ್ಷದ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ಸೌಂದರ್ಯ ತೀರಿಕೊಂಡರು; ಚಿತ್ರ ತೆರೆಕಂಡದ್ದು ಆಗಸ್ಟಿನಲ್ಲಿ. ತೆರೆಯ ಮೇಲೆ ಅವರು ನಾಗವಲ್ಲಿಯಾಗಿ ಕುಣಿಯುವುದನ್ನು ನೋಡುತ್ತ ಕಣ್ಣೊರಸಿಕೊಂಡವರು ನಮ್ಮ ಊರುಗಳಲ್ಲಿ ಎಷ್ಟೋ ಮಂದಿ. ಮಲಯಾಳದಲ್ಲಿ ನಾಗವಲ್ಲಿಯ ನುಡಿ ತಮಿಳು, ಕನ್ನಡದಲ್ಲಿ ತೆಲುಗು. ಮುಂದೆ ಹಿಂದಿಯಲ್ಲಿ ಬಂಗಾಳಿಯಾಯಿತು. ಪಕ್ಕದ ಮನೆಯ ಭಾಷೆಯೇ ಆಗಬೇಕು, ಅರ್ಧ ತಿಳಿಯಬೇಕು, ಅರ್ಧ ತಿಳಿಯಬಾರದು. ಪೂರ್ತಿ ಅಪರಿಚಿತವಾದರೆ ಭಯವಾಗದು; ಪೂರ್ತಿ ಪರಿಚಿತವಾದರೂ ಆಗದು.

ಇಷ್ಟು ದೊಡ್ಡ ಯಶಸ್ಸು ಬಂದ ಮೇಲೆ ಶೋಭನಾ ಮಾಡಿದ್ದೇನು? ಇನ್ನೂ ಒಂದೆರಡು ವರ್ಷ ಚಿತ್ರಗಳಿದ್ದವು. ‘ತೇನ್ಮಾವಿನ್ ಕೊಂಬತ್ತ್’, ‘ಮಿನ್ನಾರಂ’, ‘ಪವಿತ್ರಂ’ ಮೂರೂ ೧೯೯೪ರವು. ಆಮೇಲೆ ಚಿತ್ರಗಳು ವಿರಳವಾಗುತ್ತ ಬಂದವು. ಬಿಡಿಸಿಕೊಂಡವರು ಅವರೇ. ೧೯೯೦ರ ದಶಕದ ನಡುವಿನಲ್ಲಿ ಮದರಾಸಿನಲ್ಲಿ ‘ಕಲಾರ್ಪಣ’ ಎಂಬ ನೃತ್ಯಶಾಲೆ ತೆರೆದು ಪಾಠಕ್ಕೆ ಕುಳಿತರು. ನಟಿಯೊಬ್ಬಳ ವೃತ್ತಿಜೀವನದಲ್ಲಿ ಅತ್ಯಂತ ಬೆಲೆಬಾಳುವ ವರ್ಷಗಳನ್ನು ನಾಟ್ಯಕ್ಕೆ ಒಪ್ಪಿಸಿದ್ದು ಸಾಮಾನ್ಯ ತೀರ್ಮಾನವಲ್ಲ. ಚಿತ್ರರಂಗ ಒಂದು ದಿನ ತಪ್ಪಿದರೆ ಬೇರೊಬ್ಬರನ್ನು ಕರೆದುಕೊಳ್ಳುತ್ತದೆ. ನಾಟ್ಯವಾದರೋ ಒಂದು ದಿನ ತಪ್ಪಿದರೆ ಮೈಯಲ್ಲೇ ಲೆಕ್ಕ ಕೇಳುತ್ತದೆ. ಎರಡನ್ನೂ ಸರಿಸಮವಾಗಿ ನಡೆಸುವುದು ಹೇಳಿದಷ್ಟು ಸುಲಭವಲ್ಲ. ಅತ್ತೆ ಪದ್ಮಿನಿ ತಾರೆಯ ಬದುಕು ಮುಗಿದ ಮೇಲೆ ಶಾಲೆಗೆ ಬಂದರು, ಸೊಸೆ ಅದು ಮುಗಿಯುವ ಮೊದಲೇ ಬಂದರು. ‘ಮಾಯಾ ರಾವಣ’, ‘ಕೃಷ್ಣ’ ಮೊದಲಾದ ದೊಡ್ಡ ನೃತ್ಯರೂಪಕಗಳನ್ನು ಅವರು ವೇದಿಕೆಗೆ ತಂದರು. ಅವುಗಳಲ್ಲಿ ಪಾತ್ರಗಳ ಮಾತಿಗೆ ಹೆಸರಾಂತ ಚಿತ್ರನಟನಟಿಯರ ದನಿಯನ್ನು ಬಳಸಿದರು. ಪರರ ದನಿಗೆ ಕುಣಿಯುವುದನ್ನು ಇಲ್ಲಿ ತಾವಾಗಿಯೇ ಬೇಕೆಂದು ಆರಿಸಿಕೊಂಡಂತಾಯಿತು.

ಚಿತ್ರಗಳು ಕಡಮೆಯಾದ ಕಾಲದಲ್ಲೇ ಎರಡನೆಯ ರಾಷ್ಟ್ರಪ್ರಶಸ್ತಿ ಬಂದುದು ಕುತೂಹಲದ ಸಂಗತಿ. ನಟಿ ರೇವತಿಯವರು ಮೊದಲ ಬಾರಿಗೆ ನಿರ್ದೇಶಿಸಿದ ‘ಮಿತ್ರ್, ಮೈ ಫ್ರೆಂಡ್’ ಎಂಬ ಇಂಗ್ಲಿಷ್ ಚಿತ್ರ ಅದು. ತಂತ್ರಜ್ಞರೆಲ್ಲ ಮಹಿಳೆಯರು. ಚಿದಂಬರದಿಂದ ಮದುವೆಯಾಗಿ ಅಮೆರಿಕಕ್ಕೆ ಹೋದ ಲಕ್ಷ್ಮಿಯೆಂಬ ಗೃಹಿಣಿಯ ಒಂಟಿತನದ ಕಥೆ. ಇಲ್ಲಿ ಮಂಚ ಎತ್ತುವುದಿಲ್ಲ, ಕಣ್ಣು ಹಿಗ್ಗುವುದಿಲ್ಲ. ಬೆಳೆದ ಮಗಳು ಮುಖ ತಿರುಗಿಸಿಕೊಂಡು ಹೋದಾಗ ತಾಯಿ ಅಡಿಗೆಮನೆಯಲ್ಲಿ ಸುಮ್ಮನೆ ನಿಲ್ಲುವ ಬಗೆಯ ನಟನೆ. ನಮಗೆ ಕೇಳಿದರೆ, ನಾಗವಲ್ಲಿಗಿಂತ ಇದು ಕಷ್ಟದ್ದು. ಆ ವರ್ಷ ‘ಚಾಂದನಿ ಬಾರ್’ ಚಿತ್ರದ ತಬ್ಬು ಅವರೊಡನೆ ಶೋಭನಾ ಪ್ರಶಸ್ತಿಯನ್ನು ಹಂಚಿಕೊಂಡರು. ೨೦೦೬ರಲ್ಲಿ ಪದ್ಮಶ್ರೀ, ೨೦೨೫ರಲ್ಲಿ ಪದ್ಮಭೂಷಣ ಗೌರವಗಳೂ ಸಂದವು.

ಮಧ್ಯೆ ಮಧ್ಯೆ ಅವರು ಕೇರಳದ ತೆರೆಗೆ ಮರಳಿದ್ದುಂಟು: ೨೦೧೩ರಲ್ಲಿ ‘ತಿರ’, ೨೦೨೦ರಲ್ಲಿ ‘ವರನೆ ಆವಶ್ಯಮುಂಡ್’. ೨೦೨೪ರ ಆಗಸ್ಟಿನಲ್ಲಿ ಹಳೆಯ ‘ಮಣಿಚಿತ್ರತ್ತಾಳ್’ ಹೊಸ ಪ್ರತಿಯಾಗಿ ಮತ್ತೆ ಚಿತ್ರಮಂದಿರಗಳಿಗೆ ಬಂದು, ಅದು ಮೊದಲು ಬಂದಾಗ ಹುಟ್ಟಿಯೇ ಇರದ ತರುಣರು ಗುಂಪುಗೂಡಿ ನೋಡಿದರು.

ಮರುವರ್ಷ, ೨೦೨೫ರಲ್ಲಿ, ತರುಣ್ ಮೂರ್ತಿಯವರ ‘ತುಡರುಂ’ ಚಿತ್ರದಲ್ಲಿ ಶೋಭನಾ ಮತ್ತೆ ಮೋಹನ್‌ಲಾಲ್ ಅವರ ಜೋಡಿಯಾದರು. ಟ್ಯಾಕ್ಸಿ ನಡೆಸುವವನ ಹೆಂಡತಿ ಲಲಿತಾ ಎಂಬ ಸಾದಾ ಗೃಹಿಣಿಯ ಪಾತ್ರ. ಈ ಚಿತ್ರಕ್ಕೂ ಮೊದಲು ತಾವೇ ದನಿ ಕೊಟ್ಟಿದ್ದುದಾಗಿಯೂ, ಆಮೇಲೆ ಅದನ್ನು ತೆಗೆದುಹಾಕಿದುದಾಗಿಯೂ ಭಾಗ್ಯಲಕ್ಷ್ಮಿಯವರು ಬಹಿರಂಗವಾಗಿ ಹೇಳಿದ್ದಾರೆ. ಅವರ ನೋವು ಅರ್ಥವಾಗದ್ದಲ್ಲ. ಅಷ್ಟು ವರ್ಷ ಒಂದು ಮುಖದೊಳಗೆ ಬಾಳಿದ ದನಿ ಅದು. ಆದರೆ ತೆರೆಯ ಮೇಲೆ ಲಲಿತಾ ಗಂಡನನ್ನು ಕರೆಯುವಾಗ, ಮಕ್ಕಳನ್ನು ಗದರುವಾಗ ಕೇಳಿಸುವ ದನಿ ಈ ಸಲ ಶೋಭನಾ ಅವರದೇ.